ಯಾರ ಕೈಯಿಂದ

ಗೌರೀಶನ ಮೇಲೆ ನನಗೆ ಮೊದಲ ದಿನದಿಂದಲೇ ಅನುಮಾನ. ಇಷ್ಟು ಒಳ್ಳೆಯವರು ಎಲ್ಲಾದರೂ ಇರುತ್ತಾರೆಯೇ?

ಕೊಪ್ಪಳದ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ನಾನು ನರ್ಸು, ಹೆಸರು ಹೇಮಾವತಿ. ಅವನು ಗಿಣಿಗೇರಾದ ಕಾರ್ಖಾನೆಯಲ್ಲಿ ಫರ್ನೇಸಿನ ಮುಂದೆ ದುಡಿಯುವವನು. ಬಿಸಿನೀರಿನ ಹಂಡೆ ಉರುಳಿ ಕಾಲು ಬೆಂದ ತಾಯಿ ಪಕ್ಕೀರವ್ವನನ್ನು ಕರೆತಂದಿದ್ದ. ಬೆಳಿಗ್ಗೆ ನನ್ನಿಂದ ಒಂದು ಜೊತೆ ಗ್ಲೌಸ್ ಕೇಳಿ ಹಾಕಿಕೊಳ್ಳುತ್ತಿದ್ದ. ತಾಯಿಗೆ ಗಂಜಿ ಕುಡಿಸಿ ಸುಮ್ಮನೆ ಕೂರುವ ಜಾತಿಯಲ್ಲ. ಪಕ್ಕದ ಮಂಚದ ತಾಜಬೀಯ ದಿಂಬು ಸರಿಮಾಡುವನು, ಆಚೆಯವರಿಗೆ ನೀರು ಕೊಡುವನು. ನಡುನಡುವೆ ನನ್ನನ್ನು ನೋಡುವನು. ನಾನು ತಿರುಗಿದರೆ ಫ್ಯಾನು ನೋಡುವನು.

ಆಮೇಲೆ ಪಕ್ಕೀರವ್ವನ ಜ್ವರ ಏರಿತು. ಗಾಯದ ಕೀವು ಪರೀಕ್ಷಿಸಿದರೆ, ಸಾಮಾನ್ಯ ಆಂಟಿಬಯಾಟಿಕ್ ಯಾವುದಕ್ಕೂ ಬಗ್ಗದ ಬ್ಯಾಕ್ಟೀರಿಯಾ. ತಾಜಬೀಯ ಗಾಯದಲ್ಲೂ ಅದೇ. ಇಬ್ಬರನ್ನೂ ಬೇರೆ ಬೇರೆ ಕೋಣೆಗೆ ಸಾಗಿಸಿದೆವು. ಉಳಿದದ್ದು ಒಂದೇ ಔಷಧ, ಅದೂ ಹಿಡಿಯದಿದ್ದರೆ ಕೊಡಲು ಬೇರೇನೂ ಇಲ್ಲ ಎಂದರು ಡಾಕ್ಟರು.

"ನಮ್ಮವ್ವನ್ನ ಯಾಕ ಬ್ಯಾರೆ ಇಟ್ಟೀರಿ? ಏನ ಮುಚ್ಚಿಡಾಕತ್ತೀರಿ ಸಿಸ್ಟರ್?" ಈಗ ಸಂಶಯ ಅವನ ಕಣ್ಣಲ್ಲಿ.

"ಮುಚ್ಚಿಡೂದೇನಿಲ್ರಿ. ಒಬ್ಬರ ಗಾಯದ ಸೋಂಕು ಇನ್ನೊಬ್ಬರಿಗೆ ಹೋಗೈತಿ. ಹೆಂಗ ಹೋತಂತ ಹುಡುಕಾಕತ್ತೀನಿ."

ಹುಡುಕುವುದೆಂದರೆ ಅವನ ಮೇಲೆ ಕಣ್ಣಿಡುವುದು. ಕದ್ದು ನೋಡುವ ಸರದಿ ಈಗ ನನ್ನದು. ಹುಬ್ಬಿನ ಮೇಲೆ ಕಿಡಿ ಹಾರಿದ ಕಲೆ, ತಾಯಿಯ ಬೆವರು ಒರೆಸುವಾಗಿನ ನಯ. ಪತ್ತೇದಾರಿಕೆಗೆ ಹೊರಟವಳು ಇವನ್ನೆಲ್ಲ ಯಾಕೆ ನೋಡಬೇಕಿತ್ತು? ನನ್ನ ಮೇಲೆಯೇ ನನಗೆ ಅನುಮಾನ ಬಂತು.

ಒಂದು ಮಧ್ಯಾಹ್ನ, ಹುಡುಕುತ್ತಿದ್ದದ್ದು ಕಣ್ಣಿಗೆ ಬಿತ್ತು. ತಾಯಿಯ ಬ್ಯಾಂಡೇಜು ಸರಿಮಾಡಿದ ಅದೇ ಗ್ಲೌಸಿನಲ್ಲಿ ಹೊರಬಂದು ತಾಜಬೀಯ ಕೋಣೆಯ ಬಾಗಿಲಿಗೆ ಕೈ ಹಾಕಿದ.

"ನಿಲ್ಲರಿ! ಆ ಗ್ಲೌಸ್ ಯಾವಾಗ ಹಾಕ್ಕೊಂಡದ್ದು?"

"ಮುಂಜಾನೆ. ತಗದೇ ಇಲ್ರಿ," ಎಂದ ಹೆಮ್ಮೆಯಿಂದ. "ಫ್ಯಾಕ್ಟರ್ಯಾಗ ಶಿಫ್ಟ್ ಮುಗಿಯೂತನಕ ತಗದ್ರ ಸೂಪರ್‌ವೈಸರ್ ಬೈತಾನ."

"ಅಲ್ಲಿ ಗ್ಲೌಸ್ ಕಾಯೂದು ನಿಮ್ಮ ಕೈನ. ಇಲ್ಲಿ ಕಾಯಬೇಕಾದ್ದು ಅವರ ಗಾಯ. ಒಬ್ಬರನ್ನ ಮುಟ್ಟಿದ ಮ್ಯಾಲ ತಗದು ಒಗೀಬೇಕ್ರಿ, ಕೈ ತೊಳೀಬೇಕು."

ಕೈ ತೊಳೆಯಲು ಹೋದವನು ತೊಳೆಯುತ್ತಲೇ ನಿಂತ. ನಲ್ಲಿಯನ್ನು ನಾನೇ ನಿಲ್ಲಿಸಿದೆ.

ಔಷಧ ಹಿಡಿಯಿತು. ನಿಧಾನವಾಗಿ ಇಬ್ಬರ ಜ್ವರವೂ ಇಳಿಯಿತು. ಪಕ್ಕೀರವ್ವ ರೊಟ್ಟಿ ಕೇಳಿದಳು. ಗೌರೀಶ ಮಾತ್ರ ಯಾರ ಹತ್ತಿರವೂ ಸುಳಿಯಲಿಲ್ಲ, ನನ್ನತ್ತ ನೋಡಲೂ ಇಲ್ಲ. ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ಅವನು ನನಗೆ ಇಷ್ಟವಾಗಿಬಿಟ್ಟಿದ್ದ. ವರಾಂಡದ ಬೆಂಚಿನಲ್ಲಿ ಅವನ ಪಕ್ಕ ಹೋಗಿ ಕುಳಿತೆ.

"ಖರೇ ಹೇಳ್ರಿ. ಇದು ನನ್ನಿಂದನ ಆತೇನು?"

ಇಲ್ಲ ಎಂದು ಸಮಾಧಾನ ಮಾಡಬಹುದಿತ್ತು. ಇವನ ಜೊತೆ ಸುಳ್ಳಿನಿಂದ ಶುರುಮಾಡಲು ಮನಸ್ಸು ಬರಲಿಲ್ಲ.

"ಗೊತ್ತಿಲ್ರಿ. ನಿಮ್ಮಿಂದ ಆಗಿರಬಹುದು. ಇಬ್ಬರ ಬ್ಯಾಂಡೇಜೂ ಬದಲಿಸಿದಾಕಿ ನಾನು. ಗಡಿಬಿಡ್ಯಾಗ ಕೈ ತೊಳಿಯೂದು ತಪ್ಪಿದ್ರ, ನನ್ನಿಂದಾನೂ ಆಗಿರಬಹುದು."

ಈ ಮಾತು ಹಿಡಿದು ಅವನು ದೂರು ಕೊಟ್ಟರೆ ನನ್ನ ಕೆಲಸ ಹೋದಂತೆಯೇ. ಅವನು ಬೆಂಚಿನಲ್ಲೇ ನನ್ನತ್ತ ತಿರುಗಿದ.

"ಇಲ್ಲ ಅಂದಿದ್ರ ನಿಮ್ಮನ್ನ ಎಂದೂ ನಂಬತಿದ್ದಿಲ್ಲ," ಎಂದ. "ಅವ್ವ ಮನಿಗೆ ಹೋದ ಮ್ಯಾಲೂ ನಿಮ್ಮನ್ನ ನೋಡಾಕ ಬರಬೇಕಂತೀನಿ. ಬರಲೇನ್ರಿ?"

"ಬರ್ರಿ. ನೀವು ಬರದಿದ್ರ ಗಿಣಿಗೇರಾಕ್ಕ ನಾನ ಬರತೀನಿ," ಎಂದುಬಿಟ್ಟೆ.