ನಲವತ್ತಮೂರು ಟ್ಯಾಬ್

ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಚುಕ್ಕಿ ಟ್ಯಾಬ್ ಕೀ ಒತ್ತುತ್ತಲೇ ಇದ್ದಳು. ಒಂದು ಸಲ ಒತ್ತಿದರೆ ಪರದೆಯ ಮೇಲಿನ ಸಣ್ಣ ಕಪ್ಪು ಚೌಕಟ್ಟು ಒಂದು ಜಾಗ ಮುಂದೆ ಹೋಗುತ್ತಿತ್ತು. ಚಿತ್ರದಿಂದ ಸುದ್ದಿಗೆ, ಸುದ್ದಿಯಿಂದ ಜಾಹೀರಾತಿಗೆ. ಈಜು ತರಗತಿಗೆ ಹೆಸರು ಕೊಡುವ ಗುಂಡಿ ಮಾತ್ರ ಪುಟದ ತೀರಾ ಕೆಳಗೆ ಹೋಗಿ ಕೂತಿತ್ತು.

ಇದ್ದದ್ದು ಇಪ್ಪತ್ತೇ ಸೀಟು. ಐದು ಗಂಟೆಗೆ ಪುಟ ತೆರೆದಿತ್ತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಹನ್ನೆರಡು ಉಳಿದಿತ್ತು. ಹೋದ ವರ್ಷ ಸೀಟು ಸಿಗದೆ ಚುಕ್ಕಿ ರಜೆಯೆಲ್ಲಾ ಈಜುಕೊಳದ ಬೇಲಿಗೆ ಮೂಗು ಒತ್ತಿ ನಿಂತಿದ್ದಳು.

ಅಮ್ಮನ ಫೋನಿನಲ್ಲಿ ಆ ಪುಟ ತೆರೆಯಲೇ ಇಲ್ಲ. ಕಂಪ್ಯೂಟರಿಗೆ ಮೌಸ್ ಇದ್ದಿದ್ದರೆ ಒಂದೇ ಕ್ಲಿಕ್ಕಿನ ಕೆಲಸ. ಆದರೆ ಮೌಸ್ ಸತ್ತು ಹತ್ತು ದಿನವಾಗಿತ್ತು. ಕೊಂದವಳು ಚುಕ್ಕಿಯೇ. ಮನೆಯೊಳಗೆ ಓಡುವಾಗ ವೈರು ಕಾಲಿಗೆ ಸಿಕ್ಕಿ, ಅದು ಗೋಡೆಗೆ ಬಡಿದು ಎರಡು ಹೋಳಾಗಿತ್ತು. ಅಂದಿನಿಂದ ಅಣ್ಣ ಅವಳನ್ನು ಬೆಕ್ಕು ಎಂದೇ ಕರೆಯುತ್ತಿದ್ದ.

ಅಮ್ಮ ಬೈದಿರಲಿಲ್ಲ. ಅವಳ ಕೆಲಸ ಬಸ್ ಕಂಪನಿಯ ಕಳೆದ ಸಾಮಾನುಗಳ ವಿಭಾಗದಲ್ಲಿ. ಬಸ್ಸಿನಲ್ಲಿ ಕೊಡೆ, ಕನ್ನಡಕ, ಒಂಟಿ ಚಪ್ಪಲಿ ಬಿಟ್ಟುಬಂದವರ ಪತ್ರಗಳು ಕಂಪ್ಯೂಟರಿಗೆ ಬರುತ್ತವೆ. ಅಮ್ಮ ಮನೆಯಲ್ಲೇ ಕೂತು, ಆ ಸಾಮಾನು ಪಟ್ಟಿಯಲ್ಲಿದೆಯಾ ಎಂದು ಹುಡುಕಿ, ಒಬ್ಬೊಬ್ಬರಿಗೂ ಉತ್ತರ ಬರೆಯಬೇಕು. ದಿನಕ್ಕೆ ಅರವತ್ತು ಪತ್ರ. ಹೊಸ ಮೌಸ್ ಕಳಿಸುತ್ತೇವೆ ಅಂದಿದ್ದ ಆಫೀಸಿನವರು ನಾಳೆ, ನಾಳೆ ಎಂದು ದಿನ ತಳ್ಳುತ್ತಿದ್ದರು.

"ಕೀಬೋರ್ಡೇ ಸುಲಭ ಬಿಡು," ಎಂದಿದ್ದಳು ಅಮ್ಮ ಅವತ್ತು. ಚುಕ್ಕಿ ಅದನ್ನು ನಂಬಿ, ಹಾಯಾಗಿ ಆಟಕ್ಕೆ ಓಡಿದ್ದಳು.

ನಲವತ್ತಮೂರನೆಯ ಟ್ಯಾಬಿಗೆ ಗುಂಡಿ ಸಿಕ್ಕಿತು. ಎಂಟರ್ ಒತ್ತಿದಳು. ಉದ್ದನೆಯ ಅರ್ಜಿ ತೆರೆಯಿತು. ಹೆಸರು, ವಯಸ್ಸು, ಶಾಲೆ, ಎತ್ತರ, ತೂಕ, ಕಿವಿನೋವು ಇದೆಯೇ. ಮುಂದಿನ ಜಾಗಕ್ಕೆ ಟ್ಯಾಬ್, ಹಿಂದಕ್ಕೆ ಬರಲು ಶಿಫ್ಟ್ ಜೊತೆ ಟ್ಯಾಬ್, ಗುರುತು ಹಾಕಲು ಸ್ಪೇಸ್. ಅಮ್ಮ ಹೇಳಿಕೊಟ್ಟ ಹಾಗೆಯೇ ಮಾಡಿದಳು. ಒಂದೆರಡು ಸಲ ಅವಸರದಲ್ಲಿ ದಾಟಿಹೋಗಿ ತೂಕದ ಜಾಗದಲ್ಲಿ ಶಾಲೆಯ ಹೆಸರು ಬಿತ್ತು. ಅಳಿಸಿ ತಿದ್ದಿದಳು.

ಕೊನೆಗೆ ಎರಡು ಗುಂಡಿ ಇದ್ದವು. ಎಡಕ್ಕೆ 'ಕಳಿಸಿ', ಬಲಕ್ಕೆ 'ಮತ್ತೆ ಮೊದಲಿನಿಂದ'. ಚುಕ್ಕಿ ಒಂದು ಟ್ಯಾಬ್ ಒತ್ತಿ, ನೋಡದೆ ಎಂಟರ್ ಕುಟ್ಟಿದಳು. ಆದರೆ ಆ ಪುಟದಲ್ಲಿ ಚೌಕಟ್ಟು ಮೊದಲು ಹೋಗಿ ಕೂರುತ್ತಿದ್ದದ್ದು ಬಲಗಡೆಯ ಗುಂಡಿಯ ಮೇಲೆ.

ಅರ್ಜಿ ಖಾಲಿಯಾಯಿತು.

ಹಿಂದೆ ಮಂಚದ ತುದಿಯಲ್ಲಿ ಅಮ್ಮ ಬಟ್ಟೆ ಮಡಚುತ್ತಿದ್ದಳು. ಮಗಳಿಗೆ ಅಂತ ಅರ್ಧ ಗಂಟೆ ಕೆಲಸ ನಿಲ್ಲಿಸಿ ಕಂಪ್ಯೂಟರ್ ಬಿಟ್ಟುಕೊಟ್ಟಿದ್ದಳು. ಕೈಯಲ್ಲಿದ್ದ ಟವೆಲ್ ಅರ್ಧ ಮಡಿಕೆಯಲ್ಲೇ ನಿಂತಿತ್ತು. ಕಣ್ಣು ಎಳೆಯುತ್ತಿತ್ತು.

"ಅಮ್ಮಾ, ಎಲ್ಲಾ ಹೋಯ್ತು."

ಅಮ್ಮ ಎದ್ದು ಬಂದು ಬಗ್ಗಿ ನೋಡಿದಳು. "ಎಂಟರ್ ಒತ್ತೋ ಮುಂಚೆ ಚೌಕಟ್ಟು ಎಲ್ಲಿದೆ ಅಂತ ನೋಡ್ಬೇಕು ಕಂದಾ. ಮೊದಲನೇ ದಿನ ನಂದೂ ಹೀಗೇ ಆಯ್ತು. ಹದಿನಾಲ್ಕು ಉತ್ತರ ಒಟ್ಟಿಗೆ ಹೋಯ್ತು."

"ಹದಿನಾಲ್ಕಾ? ಆಮೇಲೆ?"

"ಆಮೇಲೇನು, ಮತ್ತೆ ಬರೆದೆ. ನೀನು ಬೇಗ ಬರಿ, ಸೀಟು ಹೋಗುತ್ತೆ."

ಚುಕ್ಕಿ ಮತ್ತೆ ಹೆಸರಿನಿಂದ ಶುರುಮಾಡಿದಳು. ತೋರುಬೆರಳ ತುದಿ ಉರಿಯುತ್ತಿತ್ತು. ಅಷ್ಟರಲ್ಲಿ ಅಣ್ಣ ಬಾಗಿಲಿಂದ ತಲೆ ತೂರಿಸಿದ.

"ಬೆಕ್ಕೇ, ಪಕ್ಕದ ಮನೆಯವಳಿಗೆ ಸೀಟು ಸಿಕ್ತಂತೆ. ನಿಂಗೆ ಬೇಡ ಬಿಡು, ಬೆಕ್ಕಿಗೆ ನೀರು ಕಂಡ್ರೆ ಆಗಲ್ಲ."

ಅಮ್ಮ ಟವೆಲ್ಲನ್ನು ಅವನ ಕೈಗೆ ಹಾಕಿ, ಉಳಿದದ್ದನ್ನು ಅವನೇ ಮಡಚಲಿ ಅಂದಳು. ಚುಕ್ಕಿ ತಿರುಗಿಯೂ ನೋಡಲಿಲ್ಲ. ಈ ಸಲ ಚೌಕಟ್ಟು 'ಕಳಿಸಿ' ಮೇಲೆ ಕೂತದ್ದನ್ನು ಎರಡು ಸಲ ನೋಡಿ ಒತ್ತಿದಳು.

ಸೀಟುಗಳು ಭರ್ತಿಯಾಗಿವೆ, ಕಾಯುವವರ ಪಟ್ಟಿಯಲ್ಲಿ ನೀವು ಎರಡನೆಯವರು ಎಂದು ಪರದೆ ಹೇಳಿತು.

ಚುಕ್ಕಿಯ ಕಣ್ಣು ತುಂಬಿತು. ಅಮ್ಮ ಅವಳ ನೆತ್ತಿಯ ಮೇಲೆ ಕೈಯಿಟ್ಟಳು. ಎರಡನೆಯದು ಅಂದರೆ ಅಷ್ಟೇನೂ ದೂರವಲ್ಲ, ಯಾರಾದರೂ ಬಿಟ್ಟಾರು ಅಂದಳು. ಆಮೇಲೆ ಮೆಲ್ಲಗೆ, "ಏಳು ಕಂದಾ, ನಂದಿನ್ನೂ ಹನ್ನೊಂದು ಪತ್ರ ಇದೆ," ಎಂದಳು.

ಅಮ್ಮ ಕುರ್ಚಿಯಲ್ಲಿ ಕೂತಳು. ಟಕ್, ಟಕ್, ಟಕ್. ಚುಕ್ಕಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಹತ್ತು ದಿನದಿಂದ ಮನೆಯಲ್ಲಿ ಈ ಸದ್ದು ಇದ್ದೇ ಇತ್ತು. ಅವಳೇ ಕಿವಿಗೊಟ್ಟಿರಲಿಲ್ಲ. ತನ್ನದೊಂದು ಅರ್ಜಿಗೇ ಬೆರಳು ಉರಿಯುತ್ತಿದೆ. ಅರವತ್ತು ಪತ್ರಕ್ಕೆ ಎಷ್ಟು ಟ್ಯಾಬ್ ಎಂದು ಗುಣಿಸಲು ಹೋಗಿ ಅರ್ಧಕ್ಕೇ ಬಿಟ್ಟಳು.

ಮೌಸ್ ಒಡೆದ ದಿನ ಎಲ್ಲರೂ ಉಂಡೆದ್ದರೂ ಅಮ್ಮ ಕಂಪ್ಯೂಟರಿನ ಮುಂದೆಯೇ ಇದ್ದಳು. ಕರೆದರೆ ಹಸಿವಿಲ್ಲ ಅಂದಿದ್ದಳು. ಹದಿನಾಲ್ಕು ಉತ್ತರ ಹೋದದ್ದು ಅವತ್ತೇ.

ಚುಕ್ಕಿ ಸ್ಟೂಲು ಎಳೆದುಕೊಂಡು ಅಮ್ಮನಿಗೆ ಒತ್ತಿ ಕೂತಳು.

"ಟ್ಯಾಬ್ ನಾನು ಒತ್ತುತೀನಿ. ಉತ್ತರ ನೀನು ಹೇಳು."

"ನಿಂಗೆ ಬೆರಳು ನೋಯಲ್ವಾ?"

"ಎಡಗೈಲಿ ಒತ್ತುತೀನಿ."

ಅಮ್ಮ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ಎರಡೂ ಕೈ ಮಡಿಲಲ್ಲಿಟ್ಟು ಕುರ್ಚಿಗೆ ತಲೆ ಒರಗಿಸಿದಳು. ಯಾರೋ ಅಜ್ಜನ ಕನ್ನಡಕ ಕಿಟಕಿ ಪಕ್ಕದ ಸೀಟಿನಲ್ಲಿ ಉಳಿದಿತ್ತಂತೆ. ಚುಕ್ಕಿ ಪತ್ರವನ್ನು ಜೋರಾಗಿ ಓದಿ, ಚೌಕಟ್ಟಿನ ಮೇಲೆ ಕಣ್ಣಿಟ್ಟು ಒಂದೊಂದಾಗಿ ಒತ್ತುತ್ತಾ ಹೋದಳು. ಬೇಕಾದ ಜಾಗ ಎಲ್ಲಿದೆಯೋ ಅವಳಿಗೆ ಗೊತ್ತಿರಲಿಲ್ಲ.

"ಇನ್ನು ಮೂರು," ಅಂದಳು ಅಮ್ಮ.

ಮೂರು ಒತ್ತಿದಳು. ಚೌಕಟ್ಟು ಸರಿಯಾಗಿ 'ಉತ್ತರ ಬರೆಯಿರಿ' ಮೇಲೆ ನಿಂತಿತು. ಚುಕ್ಕಿ ತಿರುಗಿ ನೋಡಿದಳು. ಅಮ್ಮನ ಕಣ್ಣು ಮುಚ್ಚಿಯೇ ಇತ್ತು.