ಮ್ಯಾಮ್ ಪಾಸಿತಾ ಕೊಟ್ಟ ಮೂರು ಪುಸ್ತಕ

"ಮ್ಯಾಮ್, ಚೆನ್ನಾಗಿ ಭಾಷಣ ಮಾಡೋಕೆ ಯಾವ ಪುಸ್ತಕ ಓದ್ಬೇಕು?"

ಲೈಬ್ರರಿಯ ಮ್ಯಾಮ್ ಪಾಸಿತಾ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಲುನಿಂಗ್‌ಳನ್ನು ನೋಡಿದರು. "ಯಾಕೆ? ಮೇಯರ್ ಆಗ್ತೀಯಾ?"

"ಇಲ್ಲ ಮ್ಯಾಮ್... ಸುಮ್ನೆ."

ಸುಮ್ಮನೆ ಏನಲ್ಲ. ಶುಕ್ರವಾರ ಮ್ಯಾಮ್ ಪಾಸಿತಾ ಅವರಿಗೇ ಬೀಳ್ಕೊಡುಗೆ. ಅವರು ದ್ವೀಪ ಬಿಟ್ಟು ಇಲೊಯ್ಲೊ ಪಟ್ಟಣದ ತಂಗಿಯ ಮನೆಗೆ ಹೊರಟಿದ್ದರು. ಆರನೇ ಕ್ಲಾಸಿನ ಲೀಡರ್ ಲುನಿಂಗ್ ಮಾತಾಡಬೇಕಿತ್ತು. ಗಲಾಟೆ ಮಾಡುವುದಿಲ್ಲ ಅಂತ ಎಲ್ಲರೂ ಅವಳನ್ನು ಲೀಡರ್ ಮಾಡಿದ್ದರು. ಪಾಪ, ಸ್ಟೇಜ್ ಹತ್ತಿದರೆ ಅವಳಿಗೆ ಗಂಟಲೇ ಕಟ್ಟುತ್ತಿತ್ತು.

ಆಗೆಲ್ಲ ಆ ದ್ವೀಪಕ್ಕೆ ಸಂಜೆ ಮಾತ್ರ ಕರೆಂಟ್ ಬರುತ್ತಿತ್ತು. ಮಕ್ಕಳಿಗೆ ಲೈಬ್ರರಿಯೇ ಸಿನಿಮಾ, ಲೈಬ್ರರಿಯೇ ರೇಡಿಯೊ. ಹಳೇ ಕಾಗದದ ವಾಸನೆ, ಕಿಟಕಿಯಾಚೆ ಮಾವಿನ ಮರ, ಪುಟ ತಿರುವುವ ಸದ್ದು.

ಮ್ಯಾಮ್ ಮೂರು ಪುಸ್ತಕ ತಂದಿಟ್ಟರು. "ಇದು ಭಾಷಣ ಮಾಡೋದು ಹೇಗೆ ಅಂತ. ಇದು ದೊಡ್ಡ ನಾಯಕರ ಕತೆ. ಇದು ಏಡಿ ಕತೆ."

"ಏಡಿ ಕತೆನಾ? ಅದು ಚಿಕ್ಕವ್ರದ್ದಲ್ವಾ ಮ್ಯಾಮ್!"

"ಚಿಕ್ಕವ್ರಿಗೇ ಓದು. ಗಟ್ಟಿಯಾಗಿ."

ಮೊದಲ ಪುಸ್ತಕದಲ್ಲಿ 'ಧ್ವನಿ ಹೊಟ್ಟೆಯಿಂದ ಬರಬೇಕು' ಎಂದಿತ್ತು. ಲುನಿಂಗ್ ಹಿತ್ತಲಲ್ಲಿ ಬಾತುಕೋಳಿಗಳ ಮುಂದೆ ನಿಂತು, "ಮಾನ್ಯ ಅತಿಥಿಗಳೇ!" ಎಂದಳು.

"ಅಜ್ಜೀ, ಇವ್ಳು ಬಾತುಕೋಳಿಗೆ ಬೈತಿದ್ದಾಳೆ!" ಎಂದು ತಮ್ಮ ಇತೊಯ್ ಕೂಗಿದ.

ನಾಯಕರ ಪುಸ್ತಕದಲ್ಲಿ ಎಲ್ಲರೂ ಕುದುರೆ ಮೇಲಿದ್ದರು. ಅದನ್ನು ಮುಚ್ಚಿ ಇತೊಯ್‌ಗೆ ಏಡಿ ಕತೆ ಓದಿದಳು. ಅವನು "ಆಮೇಲೆ? ಆಮೇಲೆ?" ಎನ್ನುತ್ತಾ ಹತ್ತಿರ ಸರಿದ. ಅಕ್ಕಿ ಆರಿಸುತ್ತಿದ್ದ ಅಜ್ಜಿಯ ಕೈಯೂ ನಿಂತಿತು. ತನ್ನ ಗಂಟಲು ಕಟ್ಟಲೇ ಇಲ್ಲವೆಂದು ಲುನಿಂಗ್‌ಗೆ ಹೊಳೆದದ್ದು ಕತೆ ಮುಗಿದ ಮೇಲೆಯೇ.

ಶುಕ್ರವಾರ ಬಂತು. "ಮಾನ್ಯ ಅತಿಥಿಗಳೇ..." ಎಂದಳು. ಮುಂದಿನದೆಲ್ಲ ಮರೆತೇಹೋಯಿತು. ನಾಲ್ಕನೇ ಕ್ಲಾಸಿನವರು ಕಿಸಕ್ಕೆಂದರು. ಮ್ಯಾಮ್ ಪಾಸಿತಾ ಮಡಿಲಲ್ಲಿ ಕೈ ಇಟ್ಟುಕೊಂಡು ಕಾಯುತ್ತಿದ್ದರು.

"ಒಂದನೇ ಕ್ಲಾಸಲ್ಲಿ... ನಾನು ಲೈಬ್ರರಿ ಮೂಲೇಲಿ ಅಳ್ತಾ ಇದ್ದೆ. ಫ್ರಾಕ್ ಒದ್ದೆ ಆಗಿತ್ತು." ಉಸಿರೆಳೆದುಕೊಂಡಳು. "ಹೊರಗೆ ಮಳೆ ಇರ್ಲಿಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. ಲುನಿಂಗ್ ನಗು ನಿಲ್ಲುವವರೆಗೂ ಕಾದಳು.

"ಮ್ಯಾಮ್ ನಗ್ಲಿಲ್ಲ. ಯಾರಿಗೂ ಹೇಳ್ಲಿಲ್ಲ. ಅವ್ರ ಶಾಲು ಸುತ್ತಿ ಪಕ್ಕ ಕೂರಿಸ್ಕೊಂಡ್ರು. ಕತೆ ಓದಿದ್ರು. ಕತೆ ಮುಗಿಯೋಷ್ಟ್ರಲ್ಲಿ ಫ್ರಾಕ್ ಒಣಗಿತ್ತು. ಅಷ್ಟೇ... ಥ್ಯಾಂಕ್ಯೂ ಮ್ಯಾಮ್."

ಈಗ ಯಾರೂ ನಗಲಿಲ್ಲ. ಮ್ಯಾಮ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಮತ್ತೆ ಒರೆಸಿದರು.

ಶನಿವಾರ ಎಲ್ಲರೂ ದಡಕ್ಕೆ ಹೋದರು. ಮ್ಯಾಮ್ ಕೂತ ದೋಣಿ ಚಿಕ್ಕದಾಗುತ್ತಾ ಹೋಯಿತು. ಬೀಸುತ್ತಿದ್ದ ಕೈ ಕಾಣದಾದ ಮೇಲೆ ದೊಡ್ಡವರು ಒಬ್ಬೊಬ್ಬರಾಗಿ ಮನೆಯ ಕಡೆ ನಡೆದರು.

ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಲುನಿಂಗ್‌ಳ ಲಂಗ ಜಗ್ಗಿದಳು. "ಅಕ್ಕಾ, ಸೋಮವಾರ ಕತೆ ಯಾರು ಓದ್ತಾರೆ?"

ಯಾರಾದರೂ ಉತ್ತರ ಹೇಳುತ್ತಾರೆಂದು ಲುನಿಂಗ್ ಹಿಂದೆ ತಿರುಗಿದಳು. ಹಿಂದೆ ಮರಳು ಮಾತ್ರ ಇತ್ತು.

ಅವಳು ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತಳು.

"ನಿಂಗೆ ಯಾವ ಕತೆ ಬೇಕು, ಹೇಳು," ಎಂದಳು.