ಚಕ್ರಕ್ಕೆ ಅಂಟಿದ ಬಿಳಿ ಪುಡಿ

"ಚಕ್ರ ಮುಟ್ಟಬೇಡಿ!"

ಆ ಕೂಗಿಗೆ ಅವಳ ಕೈ ಅಲ್ಲೇ ನಿಂತಿತು. ಟೈರ್ ಬಿಚ್ಚುವ ಕಂಬಿ ಬೆರಳುಗಳ ನಡುವೆ ಹಾಗೇ ಉಳಿಯಿತು.

ಅರ್ಧಕ್ಕೇ ಶಾಲೆ ಬಿಟ್ಟು ಅಪ್ಪನ ಸೈಕಲ್ ರಿಪೇರಿ ಅಂಗಡಿಯಲ್ಲಿ ಕೂತ ಮೇಲೆ, ಈ ಕಣಿವೆಯಲ್ಲಿ ಅವಳು ಮುಟ್ಟದ ಚಕ್ರವೇ ಇರಲಿಲ್ಲ. ಹೀಗೆ ಕೂಗಿದವರೂ ಇರಲಿಲ್ಲ!

"ಸಾರಿ... ಗಾಬರಿಯಾಗಿ ಕೂಗಿಬಿಟ್ಟೆ. ಚೈನ್ ಮಾತ್ರ ನೋಡಿದ್ರೆ ಸಾಕು. ಚಕ್ರದ ಒಳಗೆ..."

ಅವನು ಹೇಳಿ ಮುಗಿಸುವಷ್ಟರಲ್ಲಿ ಅವಳು ಬೆನ್ನು ತಿರುಗಿಸಿ ಎಣ್ಣೆ ಡಬ್ಬಿಗೆ ಕೈ ಹಾಕಿದ್ದಳು. ಕಿವಿಯವರೆಗೂ ಬಿಸಿ ಏರಿತ್ತು. ಹೊಸಬರ ಎದುರು ಬಾಯಿ ಬಿಡುವುದೆಂದರೆ ಅವಳಿಗೆ ಜೀವ ಹೋದಂತಾಗುತ್ತಿತ್ತು. ಆದರೆ ಕಣ್ಣಿಗೆ ಆ ನಾಚಿಕೆ ಇರಲಿಲ್ಲ. ಅದು ನೋಡುತ್ತಲೇ ಇತ್ತು.

ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್. ಜಲ್ಲಿ ದಾರಿಗೆಂದೇ ಮಾಡಿದ ದಪ್ಪ ಟೈರ್. ಮತ್ತೆ... ರಿಮ್ಮಿನ ಅಂಚಿನಲ್ಲಿ ಒಣಗಿ ಹಿಡಿದ ಬಿಳಿ ಪುಡಿ.



ಈ ಕಣಿವೆಯಲ್ಲಿ ಮಣ್ಣು ಕೆಂಪು. ಬಿಳಿ ಪುಡಿ ಇರುವುದು ಒಂದೇ ಕಡೆ. ಬೆಟ್ಟದ ಆಚೆ, ಕಲ್ಲು ಪುಡಿ ಮಾಡುವ ಕ್ರಷರ್‌ನಲ್ಲಿ!

"ಎಲ್ಲಿಂದ ಬಂದ್ಯಪ್ಪಾ?" ಅಪ್ಪ ಒಳಗಿನಿಂದ ಕೇಳಿದರು. ಕಣ್ಣು ಮಂಜಾದ ಮೇಲೆ ಅವರದು ಬರೀ ಮಾತಿನ ವ್ಯಾಪಾರ.

"ಕೆಳಗಿನ ಊರಿಂದ, ಯಜಮಾನ್ರೇ. ಸೈಕಲ್ ಓಡಿಸೋರಿಗೆ ಕಣಿವೆಯ ದಾರಿಗಳನ್ನ ಗುರುತು ಮಾಡ್ತಿದ್ದೀನಿ."

'ಸುಳ್ಳ!' ಎಂದುಕೊಂಡಳು ಅವಳು. ಚೈನ್ ಸರಿಮಾಡಿ, ಅವನ ಮುಖ ನೋಡದೆ ಸೈಕಲ್ ಮುಂದಕ್ಕೆ ತಳ್ಳಿದಳು.

ಅನುಮಾನಕ್ಕೆ ಕಾರಣವಿತ್ತು. ಅಂಗಡಿಯ ಪಕ್ಕದಿಂದಲೇ ಬೆಟ್ಟಕ್ಕೆ ಹತ್ತುವ ಮಣ್ಣಿನ ದಾರಿಯನ್ನು ಲಾರಿಗಳಿಗೆ ಅಗಲ ಮಾಡಿಕೊಡಿ ಎಂದು ಕ್ರಷರ್‌ನವರು ತಾಲ್ಲೂಕು ಕಚೇರಿಗೆ ಬರೆದಿದ್ದರು. ದಾರಿ ಅಗಲವಾದರೆ ಮೊದಲು ಹೋಗುವುದು ಈ ಅಂಗಡಿ, ಅದರ ಹಿಂದಿನ ಎರಡು ಕೋಣೆಯ ಮನೆ. ಶುಕ್ರವಾರ ನಾಲ್ಕು ಗಂಟೆಗೆ ತೀರ್ಮಾನ.

ಮರುದಿನ ಅವನು ಮತ್ತೆ ಬಂದ. ಸೀಟು ಅಲ್ಲಾಡುತ್ತಿದೆಯಂತೆ. ಅದರ ಮರುದಿನ ಬ್ರೇಕ್. ಆಮೇಲೆ ಬಾಟಲಿ ಸಿಕ್ಕಿಸುವ ಸ್ಟ್ಯಾಂಡ್.

ಅವಳು ಬೋಲ್ಟ್ ತಿರುಗಿಸಿ ನೋಡಿದಳು. ಕಲ್ಲುದಾರಿಯ ಕುಲುಕಾಟಕ್ಕೆ ಸಡಿಲವಾದ ಬೋಲ್ಟ್ ಹೀಗಿರುವುದಿಲ್ಲ. ಇದನ್ನು ಯಾರೋ ಪಾನಾ ಹಿಡಿದು ಸಡಿಲ ಮಾಡಿದ್ದಾರೆ!

'ಇಲ್ಲಿಗೆ ಬರೋಕೆ ನೆಪ... ಯಾಕೆ?'

ಉತ್ತರವೂ ಸಿಕ್ಕಿತು. ಐದನೇ ದಿನ ಅವನು ಟೇಪು ಹಿಡಿದು ಅಂಗಡಿಯ ಗೋಡೆಯಿಂದ ಎದುರಿನ ಬಂಡೆಯವರೆಗೆ ದಾರಿಯನ್ನು ಅಳೆಯುತ್ತಿದ್ದ. ಪುಸ್ತಕದಲ್ಲಿ ಬರೆದುಕೊಂಡ. ತಲೆ ಎತ್ತಿದವನು ಕಿಟಕಿಯಲ್ಲಿ ಅವಳನ್ನು ಕಂಡು... ನಕ್ಕ!

ನಗು ಬೇರೆ!

"ಒಳ್ಳೇ ಹುಡುಗ ಕಣಮ್ಮ," ಎಂದರು ಅಪ್ಪ.

"ನಿಮಗೆ ಎಲ್ಲರೂ ಒಳ್ಳೆಯವರೇ."

"ನಿನಗೆ ಯಾರೂ ಅಲ್ಲ. ಇಬ್ಬರನ್ನೂ ಸೇರಿಸಿ ಭಾಗಿಸಿದ್ರೆ ಸರಿಹೋಗುತ್ತೆ ಬಿಡು!"

ಅವಳಿಗೆ ನಗು ಬರಲಿಲ್ಲ. ಆ ಸಂಜೆಯೇ ಮೇಲಿನ ಊರಿಗೆ ಹೋದಳು. ಅಲ್ಲಿ ಇದೇ ದಾರಿಯ ಬದಿಯಲ್ಲೇ ದೊಡ್ಡಮ್ಮನ ಚಹಾದಂಗಡಿ. ಮೂರೇ ಮಾತು ಹೇಳಿದಳು.

"ಅವನು ಕ್ರಷರ್‌ನವನು, ದೊಡ್ಡಮ್ಮ."

ಅಷ್ಟು ಸಾಕಾಯಿತು. ಬೆಳಗಾಗುವಷ್ಟರಲ್ಲಿ ಮೇಲಿನ ಊರಿನ ದಾರಿಗೆ ಅಡ್ಡಲಾಗಿ ಮರದ ದಿಮ್ಮಿ ಬಿದ್ದಿತ್ತು.

ಶುಕ್ರವಾರ ಮಧ್ಯಾಹ್ನ ಅವನು ಬಂದು, ಸೈಕಲ್ ಹೊರಗೆ ಒರಗಿಸಿ, ಒಳಗೆ ಅಪ್ಪನ ಜೊತೆ ಚಹಾಕ್ಕೆ ಕೂತ.

ಅವಳು ಸೈಕಲ್ಲನ್ನೇ ದಿಟ್ಟಿಸಿದಳು. ಚಕ್ರ ಮುಟ್ಟಬೇಡಿ ಅಂದನಲ್ಲ... ಒಳಗೇನು ಬಚ್ಚಿಟ್ಟಿದ್ದಾನೆ? ಇವತ್ತು ಬಯಲಾಗಲಿ!

ಗಾಳಿ ಬಿಟ್ಟಳು. ಕಂಬಿ ತೂರಿಸಿ ಎಳೆದಳು. ಟೈರ್ ಬಾಯಿ ತೆರೆಯಿತು.

ಹಾಲಿನಂಥ ದ್ರವ ಬುಳಬುಳನೆ ಅವಳ ಕೈಮೇಲೆ, ಲಂಗದ ಮೇಲೆ, ನೆಲದ ಮೇಲೆ ಸುರಿಯಿತು.

ಒಳಗೆ ಟ್ಯೂಬೇ ಇರಲಿಲ್ಲ!

ಅವಳು ಕೈ ಮೇಲೆತ್ತಿ ನೋಡಿದಳು. ಬೆರಳ ಮೇಲೆ ತೆಳ್ಳಗೆ ಹರಡಿದ್ದು ಬಿಸಿಲಿಗೆ ಆಗಲೇ ಒಣಗುತ್ತಿತ್ತು. ಉಜ್ಜಿದಳು... ಬಿಳಿ ಪುಡಿ ಉದುರಿತು.

"ಅಯ್ಯೋ!"

ಅವನು ಬಾಗಿಲಲ್ಲಿ ನಿಂತಿದ್ದ. ಮುಖ ಬಿಳಚಿಕೊಂಡಿತ್ತು.

"ಅದು ಸೀಲೆಂಟ್. ಮುಳ್ಳು ಚುಚ್ಚಿದ್ರೆ ತಾನಾಗೇ ತೂತು ಮುಚ್ಚುತ್ತೆ. ಈಗ ಟೈರನ್ನ ಮತ್ತೆ ಕೂರಿಸೋಕೆ ದೊಡ್ಡ ಗಾಳಿ ಯಂತ್ರ ಬೇಕು... ಯಾಕೆ ಹೀಗೆ ಮಾಡಿದ್ರಿ?"

"ನೀವು... ಕ್ರಷರ್‌ನವರು ಅಂದ್ಕೊಂಡೆ." ದನಿ ಅವಳಿಗೇ ಕೇಳಿಸಲಿಲ್ಲ. "ಆ ಬಿಳಿ ಪುಡಿ... ದಾರಿ ಅಳೆದಿದ್ದು..."

"ದಾರಿ ಎಷ್ಟು ಅಗಲ, ಎಷ್ಟು ಏರು, ಎಲ್ಲಾ ಬರೆದು ಕೊಡ್ಬೇಕು ನಾನು. ಒಮ್ಮೆ ಇದು ಸರ್ಕಾರದ ಸೈಕಲ್ ದಾರಿಗಳ ಪಟ್ಟಿಗೆ ಸೇರಿದ್ರೆ ಲಾರಿ ಬಿಡೋ ಹಾಗಿಲ್ಲ. ಉಳಿದಿರೋದು ಇಲ್ಲಿಂದ ಬೆಟ್ಟದ ತುದಿವರೆಗೆ. ನಿನ್ನೆಯೇ ಮುಗಿಸ್ತಿದ್ದೆ, ಮೇಲೆ ಯಾರೋ ದಿಮ್ಮಿ ಹಾಕಿದ್ದಾರೆ. ಕಲ್ಲು ಹಿಡ್ಕೊಂಡು ಓಡಿಸಿದ್ರು. ತುದಿವರೆಗೆ ಸೈಕಲ್ ಓಡಿಸಿದ ಫೋನಿನ ದಾಖಲೆ ಇವತ್ತು ನಾಲ್ಕರೊಳಗೆ ಕಚೇರಿಗೆ ಸೇರಬೇಕು."

ತನ್ನ ಮನೆಯನ್ನು ಉಳಿಸಲು ಬಂದವನನ್ನು ತಾನೇ...

ಆದರೂ ಒಂದು ಮಾತು ಉಳಿದಿತ್ತು.

"ಬೋಲ್ಟ್? ಅದನ್ನ ನೀವೇ ಸಡಿಲ ಮಾಡ್ತಿದ್ರಿ. ಅದು ನನಗೆ ಗೊತ್ತು!"

ಅವನು ತಲೆ ತಗ್ಗಿಸಿದ.

"ಹೌದು... ಮತ್ತೆ ಹೇಗೆ ಬರೋದು? ಸುಮ್ಮನೆ ಬಂದು ಕೂತ್ರೆ ನೀವು ಒಳಗೆ ಹೋಗಿಬಿಡ್ತೀರಿ. ಏನಾದ್ರೂ ಕೆಟ್ಟಿದ್ರೆ ಹತ್ತು ನಿಮಿಷ ಎದುರಿಗೆ ಇರ್ತೀರಿ."

ಒಳಗೆ ಅಪ್ಪ ಜೋರಾಗಿ ಕೆಮ್ಮಿದರು. ಬೇಕೆಂದೇ!

ಅವಳಿಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಎದ್ದವಳೇ ಮೊಳೆಗೆ ತಗುಲಿಹಾಕಿದ್ದ ಟ್ಯೂಬುಗಳನ್ನು ಒಂದೊಂದಾಗಿ ಎಳೆದು ಅಳತೆ ನೋಡಿದಳು. ಹಳೆಯದೊಂದು ಹೊಂದಿತು. ರಿಮ್ಮಿನ ವಾಲ್ವ್ ಬಿಚ್ಚಿ, ತೂತನ್ನು ಅರದಿಂದ ಒಂದಿಷ್ಟು ಉಜ್ಜಿ ಅಗಲ ಮಾಡಿ, ಟ್ಯೂಬ್ ಕೂರಿಸಿ, ಕೈಪಂಪು ಹೊಡೆದಳು. ಹಣೆಯ ಬೆವರು ತೋಳಿಗೆ ಒರೆಸಿಕೊಂಡಳು.

ಚಕ್ರ ಗಟ್ಟಿಯಾಯಿತು.

"ಹತ್ತಿ," ಎಂದಳು. "ನಾನೂ ಬರ್ತೀನಿ."

ಅಪ್ಪನ ಭಾರದ ಕಬ್ಬಿಣದ ಸೈಕಲ್ ತುಳಿಯುತ್ತ ಅವಳು ಅವನ ಹಿಂದೆ ಏರಿದಳು. ಜಲ್ಲಿ ಚಕ್ರದಡಿ ಸಿಡಿಯುತ್ತಿತ್ತು. ತಿರುವಿನಲ್ಲಿ ಉಸಿರು ಕಟ್ಟುತ್ತಿತ್ತು.

ಮೇಲಿನ ಊರಿನಲ್ಲಿ ದಿಮ್ಮಿಯ ಹಿಂದೆ ಹತ್ತಾರು ಜನ. ಎಲ್ಲರ ಮುಂದೆ ದೊಡ್ಡಮ್ಮ, ಸೊಂಟಕ್ಕೆ ಕೈಯಿಟ್ಟು.

"ಮತ್ತೆ ಬಂದ್ಯೇನೋ ಲಾರಿ ದಲ್ಲಾಳಿ! ಏನೇ, ನೀನ್ಯಾಕೆ ಇವನ ಹಿಂದೆ?"

ಎಲ್ಲರ ಕಣ್ಣೂ ಅವಳ ಮೇಲೆ. ಎಂದಿನಂತೆ ತಲೆ ತಗ್ಗಿಸಿ ಓಡಿಹೋಗಬೇಕೆನಿಸಿತು.

ಸಮಯ ಮೂರೂವರೆ.

"ನಾನು... ನಾನು ಹೇಳಿದ್ದು ಸುಳ್ಳು!" ಕೂಗಿದಳು. ಬೆಟ್ಟಕ್ಕೇ ಕೇಳುವಂತೆ. "ಇವರು ಕ್ರಷರ್‌ನವರಲ್ಲ. ತಪ್ಪು ನನ್ನದು. ದಾರಿ ಬಿಡಿ ದೊಡ್ಡಮ್ಮ, ಇಲ್ಲಾಂದ್ರೆ ನಮ್ಮ ಮನೆ ಉಳಿಯಲ್ಲ!"

ದೊಡ್ಡಮ್ಮ ಸೊಂಟದ ಮೇಲಿನ ಕೈ ತೆಗೆದರು.

"ಇವಳಿಗೆ ಇಷ್ಟು ದೊಡ್ಡ ಗಂಟಲಿತ್ತಾ! ಲೇ, ನಿಂತು ಏನು ನೋಡ್ತೀರಿ? ಎತ್ತಿ ದಿಮ್ಮಿ!"

ಬೆಟ್ಟದ ತುದಿಯಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಅವನು ದಾಖಲೆ ಕಳುಹಿಸಿದಾಗ ನಾಲ್ಕಕ್ಕೆ ಆರು ನಿಮಿಷ ಬಾಕಿ. ಇಬ್ಬರೂ ಒಂದೇ ಕಲ್ಲಿನ ಮೇಲೆ, ಮಧ್ಯೆ ಒಂದು ಗೇಣು ಜಾಗ ಬಿಟ್ಟು ಕೂತರು. ಫೋನನ್ನೇ ನೋಡುತ್ತ.

ನಾಲ್ಕೂಕಾಲಿಗೆ ಕಚೇರಿಯಿಂದ ಉತ್ತರ ಬಂತು. ದಾರಿ ಪಟ್ಟಿಗೆ ಸೇರಿತ್ತು.

ಅವಳು ಮುಖ ಮುಚ್ಚಿಕೊಂಡು ಬಿಕ್ಕಿದಳು. ಅವನು ಅಳು ನಿಲ್ಲುವವರೆಗೆ ಪಕ್ಕದಲ್ಲೇ ಕೂತಿದ್ದ.

ಆಮೇಲೆ ಮೆಲ್ಲಗೆ ಕೇಳಿದ. "ಇಷ್ಟು ದಿನ ಕಿಟಕಿಯಿಂದ ನನ್ನನ್ನ ನೋಡ್ತಿದ್ರಲ್ಲ... ಬರೀ ಅನುಮಾನಕ್ಕಾ?"

"ಮೊದಲ ಮೂರು ದಿನ ಅನುಮಾನ."

"ನಾಲ್ಕನೇ ದಿನ?"

ಅವಳು ಲಂಗದ ಮೇಲಿನ ಬಿಳಿ ಕಲೆಯನ್ನು ಉಗುರಿನಿಂದ ಕೆರೆದಳು. ಎಷ್ಟೋ ಹೊತ್ತು ಕೆರೆದಳು.

"ನಾಲ್ಕನೇ ದಿನ ನೀವು ಬರೋದು ತಡ ಆಯ್ತು," ಎಂದಳು ಕೊನೆಗೆ. "ಮೂರು ಸಲ ದಾರಿಗೆ ಬಂದು ನೋಡಿದೆ. ಅನುಮಾನಕ್ಕೇ ನೋಡ್ತಿದ್ದೀನಿ ಅಂತ... ನನಗೆ ನಾನೇ ಹೇಳ್ಕೊಂಡೆ."

"ನಂಬಿದ್ರಾ?"

"ಇಲ್ಲ."

ಅವನು ಮಧ್ಯದ ಆ ಗೇಣು ಜಾಗದಲ್ಲಿ ತನ್ನ ಕೈಯನ್ನು ಅಂಗೈ ಮೇಲಾಗಿ ಇಟ್ಟ.

ಗ್ರೀಸು ಮೆತ್ತಿದ ತನ್ನ ಕೈಯನ್ನು ಅವಳು ಒಮ್ಮೆ ನೋಡಿಕೊಂಡಳು. "ಕೊಳೆ ಆಗಿದೆ..."

"ಆಗಲಿ ಬಿಡಿ."

ಅವಳು ಕೈಯಿಟ್ಟಳು.